ಅರಿಶಿನದ ಕಲೆ

ಪ್ರಶ್ನೆ: ಅಕ್ಕಾ, ನಾವು ಕುವೆಂಪುನಗರದಲ್ಲಿ ಎರಡು ಬೆಡ್‌ರೂಮಿನ ಮನೆಯಲ್ಲಿದ್ದೇವೆ. ಏಳು ಮತ್ತು ಹತ್ತು ವರ್ಷದ ಇಬ್ಬರು ಮಕ್ಕಳು. ರಜೆ ಬಂತೆಂದರೆ ಮೊಬೈಲ್ ಬಿಟ್ಟು ಏಳುವುದಿಲ್ಲ. ಡ್ರಾಯಿಂಗ್ ಕ್ಲಾಸಿಗೆ ಸೇರಿಸಿದೆ, ಒಂದೇ ವಾರಕ್ಕೆ ಬಿಟ್ಟರು. ತಂದುಕೊಟ್ಟ ಕ್ರಾಫ್ಟ್ ಕಿಟ್‌ಗಳು ಅಟ್ಟ ಸೇರಿವೆ. ಮನೆಯಲ್ಲೇ ಏನಾದರೂ ಮಾಡಿಸಬಹುದಾ?
– ಇಬ್ಬರು ಮಕ್ಕಳ ತಾಯಿ, ಮೈಸೂರು

ಉತ್ತರ: ತಂಗೀ, ಕಿಟ್‌ಗಳು ಅಟ್ಟದಲ್ಲೇ ಇರಲಿ. ನಿಮ್ಮ ಅರಿಶಿನದ ಡಬ್ಬಿ ಕೆಳಗಿಳಿಸಿ. ಹೋದ ಬೇಸಿಗೆಯಲ್ಲಿ ಸರಸ್ವತಿಪುರಂನ ನಮ್ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ.

ಒಂಬತ್ತು ವರ್ಷದ ನನ್ನ ಮೊಮ್ಮಗಳು ಊಟ ಮಾಡುವಾಗ ಬಿಳಿ ಅಂಗಿಯ ಕೆಳಗಿನ ಅಂಚಿಗೆ ಹುಳಿ ಚೆಲ್ಲಿಕೊಂಡಳು. ಬಚ್ಚಲಲ್ಲಿ ನಾನು ಸೋಪು ಉಜ್ಜಿದೆ. ಹಳದಿ ಕಲೆ ಕೆಂಪಗಾಯಿತು. "ಅಜ್ಜೀ, ಅಂಗಿಗೆ ಗಾಯ ಆಯ್ತು!" ಎಂದಳು. ನಾವೆಲ್ಲ ದಿನಾ ನೋಡುವ ಸಂಗತಿ, ಅಲ್ವಾ? ಅವಳಿಗೆ ಹೊಸದು. ಒಂದು ತಟ್ಟೆಯಲ್ಲಿ ನೀರಿಗೆ ಅರಿಶಿನ ಕದಡಿ, ಎಲೆ ಅಡಿಕೆ ಡಬ್ಬಿಯಿಂದ ಚಿಟಿಕೆ ಸುಣ್ಣ ತೆಗೆದು ಹಾಕಿದೆ. ಮದುಮಕ್ಕಳು ಹೊಸ್ತಿಲಿಗೆ ಬಂದಾಗ ಎತ್ತುವ ಕೆಂಪಾರತಿಯ ನೀರು ತಯಾರಾಯಿತು. ಚಿಕ್ಕಮ್ಮನ ಮದುವೆಯಲ್ಲಿ ಅವಳೇ ಆ ತಟ್ಟೆ ಹಿಡಿದಿದ್ದಳು, ಆದರೆ ಆ ಕೆಂಪು ಎಲ್ಲಿಂದ ಬಂತು ಅಂತ ಯಾರೂ ಹೇಳಿರಲಿಲ್ಲ. ಆಮೇಲೆ ಅದಕ್ಕೆ ನಿಂಬೆಹಣ್ಣು ಹಿಂಡಿದೆ. ಮತ್ತೆ ಹಳದಿ! ಇನ್ನೊಂದು ಚೂರು ಸುಣ್ಣ, ಮತ್ತೆ ಕೆಂಪು. ಮನೆಯಲ್ಲಿದ್ದ ಮೂರು ನಿಂಬೆಹಣ್ಣೂ ಖಾಲಿಯಾದವು.

ಅರಿಶಿನಕ್ಕೆ ಬಣ್ಣ ಕೊಡುವುದು ಕರ್ಕ್ಯುಮಿನ್ ಎಂಬ ಅಂಶ. ಕ್ಷಾರ ತಾಗಿದರೆ ಅದು ಕೆಂಪಾಗುತ್ತದೆ, ಹುಳಿ ತಾಗಿದರೆ ಹಳದಿಗೆ ಮರಳುತ್ತದೆ. ಸೋಪಿನಲ್ಲೂ ಸುಣ್ಣದಲ್ಲೂ ಇರುವುದು ಕ್ಷಾರವೇ. ಸುಣ್ಣವನ್ನು ಮಾತ್ರ ನೀವೇ ಹಾಕಿ. ಮಕ್ಕಳ ಕಣ್ಣಿಗೆ ತಾಗಬಾರದು.

ಆದರೆ ನನ್ನನ್ನು ನಿಜವಾಗಿ ಬೆರಗಾಗಿಸಿದ್ದು ಸಂಜೆ ನಡೆದದ್ದು. ಜಾಲಿಸಿದ ಅಂಗಿಯನ್ನು ತಾರಸಿಯ ತಂತಿಗೆ ಹಾಕಿ ಕ್ಲಿಪ್ ಸಿಕ್ಕಿಸಿದ್ದೆ. ಸಂಜೆ ಅವಳೇ ತೆಗೆದುಕೊಂಡು ಬಂದಳು. ಕಲೆ ಹೆಚ್ಚುಕಡಿಮೆ ಹೋಗಿಬಿಟ್ಟಿತ್ತು. ಒಂದು ಕಡೆ ಮಾತ್ರ ಬೆರಳಗಲದ ಹಳದಿ ಪಟ್ಟಿ ಉಳಿದಿತ್ತು, ಅಂಚು ಸ್ಕೇಲ್ ಇಟ್ಟು ಎಳೆದ ಹಾಗೆ ನೇರ. "ಇದು ಕ್ಲಿಪ್ಪಿನ ಫೋಟೋ" ಎಂದಳು. ಅರಿಶಿನದ ಕಲೆ ಬಿಸಿಲಿಗೆ ಹೋಗುತ್ತದೆ ಎಂದು ನನಗೆ ನಲವತ್ತು ವರ್ಷದಿಂದ ಗೊತ್ತು. ನೆರಳು ಬಿದ್ದ ಕಡೆ ಹೋಗುವುದಿಲ್ಲ, ಹಾಗಾಗಿ ನೆರಳಿನ ಚಿತ್ರ ಉಳಿಯುತ್ತದೆ ಎಂಬುದು ಅವಳ ಕಣ್ಣಿಗೇ ಕಂಡದ್ದು. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಹೂವಿನ ರಸ ಬಳಿದ ಕಾಗದದ ಮೇಲೆ ಹೀಗೇ ಬಿಸಿಲಿನಿಂದ ಚಿತ್ರ ಮೂಡಿಸಿದ್ದರು. ಇದನ್ನು ಹೇಳಿದಾಗ ಅವಳು ಬೀಗಿದ್ದು ನೋಡಬೇಕಿತ್ತು.

ಮಾರನೇ ದಿನದಿಂದ ತಾರಸಿಯೇ ನಮ್ಮ ಸ್ಟುಡಿಯೋ. ನೀವು ಹೀಗೆ ಮಾಡಿ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಸ್ಪಿರಿಟ್ ಅರ್ಧ ಲೋಟ ತೆಗೆದುಕೊಂಡು, ಎರಡು ಚಮಚ ಅರಿಶಿನ ಕಲಸಿ, ಬಟ್ಟೆಯಲ್ಲಿ ಸೋಸಿ. ಬರೀ ನೀರಿನಲ್ಲಿ ಬಣ್ಣ ಸರಿಯಾಗಿ ಬಿಡುವುದಿಲ್ಲ. ಒಲೆಯಿಂದ ದೂರ ಕೂತು ಮಾಡಿ, ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ. ದಪ್ಪ ಡ್ರಾಯಿಂಗ್ ಹಾಳೆಗೆ ಬಳಿದು ನೆರಳಲ್ಲಿ ಒಣಗಿಸಿ. ಮೇಲೆ ಒಂದು ಎಲೆ ಇಟ್ಟು, ಹಳೇ ಫೋಟೋ ಫ್ರೇಮಿನ ಗಾಜು ಮುಚ್ಚಿ, ಬೆಳಗ್ಗೆ ಹತ್ತರಿಂದ ಮೂರರವರೆಗೆ ಬಿಸಿಲಿಗಿಡಿ. ಸುತ್ತಲಿನ ಹಳದಿ ಮಾಸುತ್ತದೆ, ಎಲೆ ಉಳಿಯುತ್ತದೆ. ಮಾಸದಿದ್ದರೆ ಮಾರನೇ ದಿನವೂ ಇಡಿ. ಕೊನೆಗೆ ಅಡುಗೆ ಸೋಡಾ ಕದಡಿದ ನೀರನ್ನು ಬ್ರಷ್‌ನಿಂದ ಸವರಿದರೆ ಎಲೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ನುಗ್ಗೆ ಎಲೆ, ಕರಿಬೇವಿನ ಕಡ್ಡಿ ಚೆನ್ನಾಗಿ ಮೂಡುತ್ತವೆ. ಹಾಗಲ ಎಲೆಯಂತೂ ಬಹಳ ಚೆಂದ. ಚಿತ್ರವನ್ನು ಪುಸ್ತಕದೊಳಗೆ ಇಡಿ, ಗೋಡೆಗೆ ಹಾಕಿದರೆ ಬೆಳಕಿಗೆ ಅದೂ ಮಾಸುತ್ತದೆ.

ಒಂದು ಮಾತು. "ಬನ್ನಿ, ಏನೋ ಕಲಿಸುತ್ತೇನೆ" ಎಂದು ಮಕ್ಕಳನ್ನು ಕರೆಯಬೇಡಿ. ನೀವೇ ಸುಮ್ನೆ ಅಡುಗೆಮನೆ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ಶುರು ಮಾಡಿ. ನೀರು ಕೆಂಪಾಗುವ ಹೊತ್ತಿಗೆ ಪಕ್ಕದಲ್ಲಿ ಬಂದು ನಿಂತಿರುತ್ತಾರೆ.

ಪ್ರಶ್ನೆ: ಹಾಸನದಿಂದ ಅಣ್ಣನ ಮಕ್ಕಳು ಬಂದಿದ್ದಾರೆ. ಮೃಗಾಲಯ, ಬೆಟ್ಟ ಎಲ್ಲ ಆಯಿತು. ಅರಮನೆ ದೀಪವನ್ನೂ ಹೋದ ಸಲವೇ ನೋಡಿದ್ದಾರೆ. ಇನ್ನೇನು ತೋರಿಸಲಿ?
– ಅತ್ತೆ, ವಿಜಯನಗರ, ಮೈಸೂರು

ಉತ್ತರ: ದೀಪವನ್ನೇ ಇನ್ನೊಮ್ಮೆ ತೋರಿಸಿ, ಬೇರೆ ಥರ. ಭಾನುವಾರ ಸಂಜೆ ಏಳಕ್ಕೆ ಹತ್ತು ನಿಮಿಷ ಮುಂಚೆಯೇ ಹೋಗಿ ನಿಲ್ಲಿ. ಮಕ್ಕಳಿಗೆ ಅರಮನೆ ಕಡೆ ಬೆನ್ನು ಮಾಡಿ, ಸೇರಿರುವ ಜನರ ಮುಖ ನೋಡಲು ಹೇಳಿ. ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹೊತ್ತಿಕೊಂಡಾಗ ಕತ್ತಲಲ್ಲಿದ್ದ ಅಷ್ಟೂ ಮುಖಗಳು ಒಮ್ಮೆಗೇ ಬಂಗಾರದ ಬಣ್ಣಕ್ಕೆ ಬರುತ್ತವೆ. ನನಗೆ ಅರಮನೆಗಿಂತ ಅದೇ ಜಾಸ್ತಿ ಇಷ್ಟ.

ಪ್ರಶ್ನೆ: ನನಗೆ ಮೂವತ್ತೆಂಟು ವರ್ಷ. ಮಗಳ ಜಡೆಗೆ ನಾನೇ ಹೂ ಕಟ್ಟಿ ಮುಡಿಸಬೇಕು ಎಂಬ ಆಸೆ. ಹೆಂಡತಿಗೂ ಕಟ್ಟಲು ಬರುವುದಿಲ್ಲ. ಗಂಡಸರು ಈಗ ಕಲಿಯಬಹುದಾ?
– ಒಬ್ಬ ಅಪ್ಪ, ಹೆಬ್ಬಾಳ, ಮೈಸೂರು

ಉತ್ತರ: ಖಂಡಿತ ಕಲಿಯಬಹುದು ತಮ್ಮಾ. ದೇವರಾಜ ಮಾರುಕಟ್ಟೆಗೆ ಹೋಗಿ ನೋಡಿ, ಹೂವಿನ ಸಾಲಿನಲ್ಲಿ ಎಷ್ಟು ಗಂಡಸರು ಕೂತು ಕಟ್ಟುತ್ತಿರುತ್ತಾರೆ! ಐದು ನಿಮಿಷ ಅವರ ಕೈ ನೋಡಿ, ಬಿಡಿ ಮೊಗ್ಗು ಮತ್ತು ಬಾಳೆನಾರು ತನ್ನಿ. ಮಲ್ಲಿಗೆ ಮೊಗ್ಗು ಬಿಗಿಯಾಗಿರಬೇಕು, ಅರಳಿದ್ದು ಕಟ್ಟುವಾಗಲೇ ಉದುರುತ್ತದೆ. ನಾರನ್ನು ನೀರಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ.

ಕೆಳಗೆ ಕೂತು ನಾರಿನ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಳ್ಳಿ. ಹೊಸಬರಿಗೆ ಇದೇ ಸುಲಭ. ಎರಡು ಮೊಗ್ಗು ಎಡಕ್ಕೆ ಮುಖ ಮಾಡಿ, ಎರಡು ಬಲಕ್ಕೆ, ತೊಟ್ಟುಗಳು ನಡುವೆ ಕೂಡಬೇಕು. ನಾರನ್ನು ಒಂದು ಸುತ್ತು ತಂದು, ಕುಣಿಕೆಯೊಳಗೆ ತೂರಿಸಿ ಎಳೆಯಿರಿ. ಜೋರಾಗಿ ಎಳೆದರೆ ತೊಟ್ಟು ಕತ್ತರಿಸುತ್ತದೆ, ಸಡಿಲ ಬಿಟ್ಟರೆ ಜಾರುತ್ತದೆ. ಎಷ್ಟು ಬಿಗಿ ಎಂಬುದು ನಾಲ್ಕನೇ ದಿನಕ್ಕೆ ಬೆರಳಿಗೇ ಗೊತ್ತಾಗುತ್ತದೆ, ಬಾಯಲ್ಲಿ ಹೇಳಲು ಬರುವುದಿಲ್ಲ. ಮಧ್ಯಾಹ್ನ ಕಟ್ಟಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಸಂಜೆ ಮುಡಿಸಿದರೆ ಅವಳ ಜಡೆಯಲ್ಲೇ ಅರಳುತ್ತದೆ.

ಮೊದಲ ದಿನ ಒಂದು ಗೇಣು ಕಟ್ಟಿದರೂ ಸಾಕು, ಪುಟ್ಟ ಜಡೆಗೆ ಅಷ್ಟೇ ಬೇಕಾಗುವುದು.