ಅರ್ಧಪ್ಪನ ಕಥೆ

ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದ ಒಬ್ಬರ ಕಥೆ ಇದು. ಗುರುತು ಸಿಗದ ಹಾಗೆ ವಿವರ ಬದಲಿಸಿ, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ವಯಸ್ಸು 36. ಬಂದು ಕೂತ ಕೂಡಲೇ ಹೇಳಿದರು: "ನಾನು ಯಾವುದನ್ನೂ ಪೂರ್ತಿ ಮಾಡಿದವನೇ ಅಲ್ಲ ಮೇಡಂ." ಆಮೇಲೆ ಪಟ್ಟಿ. ಅರ್ಧಕ್ಕೆ ಬಿಟ್ಟ ಡಿಗ್ರಿ, ಬಿಟ್ಟ ಮೂರು ಕೆಲಸ, ಮುಗಿಯದ ಕೋರ್ಸು. ಎಷ್ಟು ಸಲ ತಮಗೇ ಹೇಳಿಕೊಂಡಿದ್ದರೋ ಏನೋ, ಮಗ್ಗಿ ಒಪ್ಪಿಸಿದ ಹಾಗಿತ್ತು.

ಮೊದಲು ಎಡವಿದ್ದು ನಾನೇ. ಪುರಾಣಕಥೆಗಳ ವಿದ್ವಾಂಸ ಜೋಸೆಫ್ ಕ್ಯಾಂಬೆಲ್ 1949ರಲ್ಲಿ ವಿವರಿಸಿದ ನಾಯಕನ ಪಯಣ ಇದೆಯಲ್ಲ, ಮನೆ ಬಿಟ್ಟು ಹೊರಟು, ಕಷ್ಟ ದಾಟಿ, ಬೇರೆಯೇ ಮನುಷ್ಯನಾಗಿ ಮರಳುವುದು, ಅದನ್ನು ಅವರ ಮುಂದಿಟ್ಟೆ. "ನಾನೇನು ಹೀರೋನಾ?" ಅಂತ ನಕ್ಕುಬಿಟ್ಟರು. ಸರಿಯೇ. ಸೋತೆ ಅಂತ ಕೂತವರಿಗೆ ಹೀರೋ ವೇಷ ಕಟ್ಟಿದರೆ, ಅದರಲ್ಲೂ ಫೇಲಾದೆ ಅನಿಸುತ್ತದೆ ಅಷ್ಟೇ.

ಆಮೇಲೆ ಥೆರಪಿಸ್ಟ್‌ಗಳಾದ ಮೈಕಲ್ ವೈಟ್ ಮತ್ತು ಡೇವಿಡ್ ಎಪ್‌ಸ್ಟನ್ ರೂಪಿಸಿದ ದಾರಿ ಹಿಡಿದೆ. ಸಮಸ್ಯೆಯನ್ನು ಮನುಷ್ಯನಿಂದ ಬೇರೆ ಮಾಡಿ, ಅದಕ್ಕೊಂದು ಹೆಸರಿಡುವುದು. ಅವರು ಇಟ್ಟ ಹೆಸರು ಅರ್ಧಪ್ಪ.

"ಈ ಅರ್ಧಪ್ಪ ಯಾವಾಗ ಬರ್ತಾನೆ?"

ತುಂಬಾ ಹೊತ್ತು ಸುಮ್ನಿದ್ದರು. "ಕೊನೇದಷ್ಟು ಉಳಿದಿರುವಾಗ. ಇನ್ನೊಬ್ಬರಿಗೆ ತೋರಿಸಬೇಕಾದಾಗ."

ನೋಡಿ, ಇಷ್ಟು ವರ್ಷ ಸೋಮಾರಿತನ ಅಂದುಕೊಂಡಿದ್ದು ಅಂಜಿಕೆ. 'ನೀವ್ಯಾಕೆ ಹೀಗೆ' ಅಂತ ಕೇಳಿದ್ದರೆ ಇದು ಹೊರಗೆ ಬರುತ್ತಿರಲಿಲ್ಲ.

ಮನೆಗೆಲಸ ಕೊಟ್ಟೆ. ನಾಲ್ಕು ದಿನ, ದಿನಕ್ಕೆ 15 ನಿಮಿಷ, ಡಿಗ್ರಿ ಬಿಟ್ಟ ವರ್ಷದ ಬಗ್ಗೆ ಬರೆಯಿರಿ. 'ನಾನು' ಬೇಡ, 'ಅವನು' ಅಂತ ಬರೆಯಿರಿ. ನಾಲ್ಕು ದಿನ, 15 ನಿಮಿಷದ ಲೆಕ್ಕ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದ್ದು. ಬರೆದ ಕೂಡಲೇ ಮನಸ್ಸು ಇನ್ನೂ ಭಾರವಾಗಬಹುದು, ತಡೆಯಲಾಗದಿದ್ದರೆ ಪೆನ್ನು ಕೆಳಗಿಟ್ಟು ಫೋನ್ ಮಾಡಿ ಅಂತಲೂ ಹೇಳಿದ್ದೆ.

ಮೂರನೇ ದಿನದ ಪುಟದಲ್ಲಿ ಒಂದು ಸಾಲಿತ್ತು: 'ಅಮ್ಮ ಆಸ್ಪತ್ರೆಯಲ್ಲಿದ್ದರು, ಅವನು ಕಾಲೇಜು ಬಿಟ್ಟ.' ಎಷ್ಟು ತಿಂಗಳು ಅಂದೆ. ಐದು. ರಾತ್ರಿ ಯಾರಿರುತ್ತಿದ್ದರು? "ನಾನೇ." ಸ್ಕೇಲಿಟ್ಟು ಗೆರೆ ಎಳೆದು, ಯಾವ ಮಾತ್ರೆ ಎಷ್ಟು ಗಂಟೆಗೆ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರಂತೆ. ಒಂದು ರಾತ್ರಿಯೂ ತಪ್ಪಿಸಿಲ್ಲ, ಅಮ್ಮ ಮನೆಗೆ ಬರುವ ತನಕ. ಇದನ್ನು ಹೇಳುತ್ತಾ ಅವರೇ ಮಾತು ನಿಲ್ಲಿಸಿಬಿಟ್ಟರು. ಆ ಪಟ್ಟಿಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ, ಅಲ್ವಾ?

ಕೊಟ್ಟ ಸಲಹೆ ದೊಡ್ಡದೇನಲ್ಲ. ಕಥೆಗೆ ಸುಳ್ಳು ಸುಖಾಂತ ಬೇಡ. ಡಿಗ್ರಿ ಮುಗಿದಿಲ್ಲ, ಅದು ನಿಜ, ಇರಲಿ. ಆದರೆ ಶುರು ಎಲ್ಲಿಂದ ಮಾಡುತ್ತೀರಿ, ನಡುವೆ ಏನು ಬಿಟ್ಟಿದ್ದೀರಿ, ಅದನ್ನು ನೋಡಿ, ಅರ್ಧಪ್ಪನ ಮಾತು ಕೇಳದೇ ಹೋದ ಸಂದರ್ಭ ಇನ್ನೂ ಎರಡು ಹುಡುಕಿ ತನ್ನಿ. ಮತ್ತೆ ಆ ಕೋರ್ಸಿನ ಕೊನೇ ಪ್ರಾಜೆಕ್ಟನ್ನು ನಂಬಿಕೆಯ ಒಬ್ಬರಿಗೆ ಮಾತ್ರ, ಹೇಗಿದೆಯೋ ಹಾಗೇ ತೋರಿಸಿ. ಸುಮ್ನೆ ಕೂತು ಕಥೆ ತಿದ್ದುತ್ತಾ ಇದ್ದರೆ ಅದೂ ತಪ್ಪಿಸಿಕೊಳ್ಳುವ ದಾರಿಯೇ ಆಗುತ್ತದೆ, ಇದನ್ನು ಬೇಕಾದಷ್ಟು ನೋಡಿದ್ದೇನೆ.

ಆರನೇ ಭೇಟಿಗೆ ಬಂದಾಗ ಪ್ರಾಜೆಕ್ಟನ್ನು ತಂಗಿಗೆ ತೋರಿಸಿದ್ದರು, ಬೈಸಿಕೊಂಡೂ ಇದ್ದರು. ನೋಟ್‌ಬುಕ್ ತೆರೆದು ಆ ಹಳೇ ಸಾಲು ತೋರಿಸಿದರು. 'ಅವನು ಕಾಲೇಜು ಬಿಟ್ಟ' ಅನ್ನುವುದನ್ನು ಹೊಡೆದುಹಾಕಿ, ಮೇಲೆ ಸಣ್ಣ ಅಕ್ಷರದಲ್ಲಿ 'ನಾನು ಅಮ್ಮನ ಹತ್ತಿರ ಉಳಿದೆ' ಅಂತ ಬರೆದಿದ್ದರು.