ಓದುಗರ ಪ್ರಶ್ನೆ, ನಮ್ಮ ಉತ್ತರ: ಇಡೀ ಡಿಸ್ಕ್ ಒಂದೇ ಫೈಲಿನಲ್ಲಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಡಿಸ್ಕ್ ಇಮೇಜ್‌ಗೆ, ಅಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಒಂದೇ ಫೈಲಾಗಿ ಹಿಡಿದಿಟ್ಟ ಪ್ರತಿಗೆ, ಸೇರಿದವನ್ನು ಒಟ್ಟಿಗೆ ಎತ್ತಿಕೊಂಡಿದ್ದೇವೆ. ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಅಚ್ಚು ಹಾಕಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡಕ್ಷರ ಎಂದು ಹೇಳಿರುವ ಕಡೆ ಬಿಟ್ಟರೆ ಉಳಿದದ್ದೆಲ್ಲ ಸಣ್ಣಕ್ಷರ. ಲಿನಕ್ಸ್‌ನಲ್ಲಿ ಡಿಸ್ಕನ್ನು ನೇರವಾಗಿ ಮುಟ್ಟುವ ಆಜ್ಞೆಗಳ ಆರಂಭದಲ್ಲಿ ಸುಡೊ (ನಿರ್ವಾಹಕರ ಅಧಿಕಾರದಲ್ಲಿ ಓಡಿಸು ಎನ್ನುವ ಪದ) ಇರಲೇಬೇಕು.

ಪ್ರಶ್ನೆ: ಹಳೆಯ 500 ಜಿಬಿ ಹಾರ್ಡ್ ಡಿಸ್ಕ್ ಒಂದರಲ್ಲಿ ಮನೆಯ ಫೋಟೋಗಳೆಲ್ಲ ಇವೆ. ಡಿಡಿ (ಡಿಸ್ಕನ್ನು ಇದ್ದಂತೆಯೇ ನಕಲಿಸುವ ಆಜ್ಞೆ) ಬಳಸಿ ಇಮೇಜ್ ತೆಗೆಯಲು ಹೋದರೆ ಅರ್ಧದಲ್ಲಿ ‘ಇನ್‌ಪುಟ್/ಔಟ್‌ಪುಟ್ ಎರರ್’ ಎಂದು ನಿಂತುಬಿಡುತ್ತದೆ. ಕಾನ್ವ್=ನೋಎರರ್,ಸಿಂಕ್ ಸೇರಿಸಿದರೆ ಮುಂದೆ ಹೋಗುತ್ತದೆ ಎಂದು ಗೆಳೆಯರೊಬ್ಬರು ಹೇಳಿದರು. ಹಾಗೆ ಮಾಡಬಹುದೇ? – ಓದುಗರು, ಸಾಗರ

ಉತ್ತರ: ಮುಂದೆ ಹೋಗುವುದೇನೋ ಹೌದು. ಆದರೆ ಸಿಗುವ ಇಮೇಜನ್ನು ನಂಬಲಾಗದು. ನೀವು ಬಿಎಸ್=4ಎಂ (ಎಂ ದೊಡ್ಡಕ್ಷರ) ಎಂದು ಕೊಟ್ಟಿದ್ದರೆ ಡಿಡಿ ಒಂದು ಸಲಕ್ಕೆ 4 ಎಂಬಿಯ ಒಂದು ಬ್ಲಾಕ್, ಅಂದರೆ 512 ಬೈಟಿನ 8192 ಸೆಕ್ಟರ್‌ಗಳನ್ನು (ಡಿಸ್ಕಿನ ಪುಟ್ಟ ತುಂಡುಗಳನ್ನು) ಓದಲು ಕೇಳುತ್ತದೆ. ಅದರಲ್ಲಿ ಒಂದೇ ಒಂದು ಸೆಕ್ಟರ್ ಕೆಟ್ಟಿದ್ದರೂ ಅದರ ಸುತ್ತಲಿನ ಒಳ್ಳೆಯ ದತ್ತಾಂಶವೂ ಸೊನ್ನೆಗಳಾಗಿ ಹೋಗಬಹುದು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬ್ಲಾಕಿನ ಅರ್ಧ ಮಾತ್ರ ಓದಲು ಸಿಕ್ಕಾಗ ಸಿಂಕ್ ಉಳಿದರ್ಧಕ್ಕೆ ಸೊನ್ನೆ ತುಂಬುತ್ತದೆ, ಮುಂದಿನ ಓದು ಮಾತ್ರ ನಿಂತ ಜಾಗದಿಂದಲೇ ಶುರುವಾಗುತ್ತದೆ. ಅಲ್ಲಿಂದಾಚೆಗೆ ಇಮೇಜ್‌ನೊಳಗಿನ ಎಲ್ಲದರ ಸ್ಥಾನ ಸರಿದುಹೋಗುತ್ತದೆ. ಫೈಲ್ ಸಿಸ್ಟಂ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ತನ್ನ ಪಟ್ಟಿಗಳನ್ನು ಹುಡುಕುವುದು ಸ್ಥಾನದ ಲೆಕ್ಕದಲ್ಲಿ. ಆ ಲೆಕ್ಕ ತಪ್ಪಿತೆಂದರೆ ಇಮೇಜ್ ಮೌಂಟ್ ಆಗುವುದಿಲ್ಲ, ಅಂದರೆ ಒಳಗಿನ ಫೈಲುಗಳು ತೆರೆಯುವುದಿಲ್ಲ.

ಈ ಕೆಲಸಕ್ಕಾಗಿಯೇ ಇರುವುದು ಗ್ನೂ ಡಿಡಿರೆಸ್ಕ್ಯೂ. ಡೆಬಿಯನ್, ಉಬುಂಟುಗಳಲ್ಲಿ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ. ಆಜ್ಞೆಯ ಹೆಸರಿನಲ್ಲಿ ಮೊದಲ ‘ಜಿ’ ಇಲ್ಲ. ಮೊದಲು ಎಲ್‌ಎಸ್‌ಬಿಎಲ್‌ಕೆ ಎಂದು ಟೈಪ್ ಮಾಡಿ, ಗಾತ್ರ ನೋಡಿ ಯಾವುದು ರೋಗಿ, ಯಾವುದು ಇಮೇಜ್ ಬರೆಯುವ ಡಿಸ್ಕ್ ಎಂದು ಖಚಿತ ಮಾಡಿಕೊಳ್ಳಿ. ಕೆಟ್ಟ ಡಿಸ್ಕ್ ಎಸ್‌ಡಿಬಿ ಎಂದಿಟ್ಟುಕೊಂಡರೆ ಮೊದಲ ಸುತ್ತು ಹೀಗೆ:

ಡಿಡಿರೆಸ್ಕ್ಯೂ -ಡಿ -ಎನ್ /ಡೆವ್/ಎಸ್‌ಡಿಬಿ ಹಳೆ.ಐಎಂಜಿ ಹಳೆ.ಮ್ಯಾಪ್

ಈ ಸುತ್ತಿನಲ್ಲಿ ಅದು ಸುಲಭವಾಗಿ ಸಿಗುವುದನ್ನೆಲ್ಲ ಬಾಚಿಕೊಂಡು, ಕೆಟ್ಟ ಜಾಗಗಳನ್ನು ಕೆರೆಯಲು ಹೋಗದೆ ಗುರುತು ಹಾಕಿ ಬಿಡುತ್ತದೆ. ಎರಡನೇ ಸುತ್ತಿಗೆ -ಎನ್ ತೆಗೆದು -ಆರ್3 ಹಾಕಿ. ಉಳಿದ ಜಾಗಗಳನ್ನು ಸೆಕ್ಟರ್ ಸೆಕ್ಟರಾಗಿ ಕೆರೆದು, ಆಗಲೂ ಸಿಗದವನ್ನು ಇನ್ನೂ ಮೂರು ಸುತ್ತು ಪ್ರಯತ್ನಿಸುತ್ತದೆ. ಮೂರನೆಯದಾಗಿ ಕೊಟ್ಟ ಮ್ಯಾಪ್ ಫೈಲ್ ಇಲ್ಲಿ ಪ್ರಾಣ. ಯಾವ ಭಾಗ ಬಂದಿದೆ, ಯಾವುದು ಬಾಕಿ ಎಂಬ ಲೆಕ್ಕ ಇರುವುದು ಅದರಲ್ಲೇ. ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿ, ಡಿಸ್ಕ್ ಆರಿದ ಮೇಲೆ ಅದೇ ಆಜ್ಞೆಯನ್ನು ಮತ್ತೆ ಕೊಟ್ಟರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಮ್ಯಾಪ್ ಇಲ್ಲದೆ ಓಡಿಸಿದರೆ ಸಾಯುತ್ತಿರುವ ಡಿಸ್ಕನ್ನು ಮತ್ತೆ ಮೊದಲಿಂದ ಓದಿಸಬೇಕಾಗುತ್ತದೆ. ಮಧ್ಯೆ ಕರೆಂಟು ಹೋಗುವ ಊರುಗಳಲ್ಲಿ ಇದು ಇನ್ನೂ ಮುಖ್ಯ. ಮ್ಯಾಪನ್ನು ಇಮೇಜ್ ಇರುವ ಒಳ್ಳೆಯ ಡಿಸ್ಕಿನಲ್ಲೇ ಇಡಿ. ಆ ಡಿಸ್ಕಿನ ಫೈಲ್ ಸಿಸ್ಟಂ ಫ್ಯಾಟ್32 ಆಗಿದ್ದರೆ ಒಂದು ಫೈಲು 4 ಜಿಬಿ ದಾಟುವುದಿಲ್ಲ. ಎಕ್ಸ್‌ಟಿ4 ಅಥವಾ ಎಕ್ಸ್‌ಫ್ಯಾಟ್ ಇರಲಿ.

ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಮಾತ್ರ ಇದ್ಯಾವುದೂ ಬೇಡ. ಆ ಕ್ಷಣವೇ ವಿದ್ಯುತ್ ತೆಗೆಯಿರಿ. ಹೆಡ್ (ಓದುವ ಮುಳ್ಳು) ಕೆಟ್ಟ ಡಿಸ್ಕನ್ನು ಓಡಿಸಿದಷ್ಟೂ ಪ್ಲ್ಯಾಟರ್ (ದತ್ತಾಂಶ ಇರುವ ತಟ್ಟೆ) ಗೀರುತ್ತದೆ. ಅದು ದತ್ತಾಂಶ ಮರಳಿ ಪಡೆಯುವ ಪ್ರಯೋಗಾಲಯದ ಕೆಲಸ.

ಇಮೇಜ್ ಬಂದ ಮೇಲೆ ಅದನ್ನು ತೆರೆಯಲು: ಲೋಸೆಟಪ್ -ಆರ್ -ಎಫ್ -ಪಿ --ಶೋ ಹಳೆ.ಐಎಂಜಿ. ಇದು ಇಮೇಜ್ ಫೈಲನ್ನು ಲೂಪ್ ಸಾಧನವಾಗಿ, ಅಂದರೆ ಡಿಸ್ಕಿನಂತೆ ತೋರಿಸುತ್ತದೆ. -ಆರ್ ಎಂದರೆ ಓದಲು-ಮಾತ್ರ. ಇಲ್ಲಿ ಪಿ ದೊಡ್ಡಕ್ಷರ. ಅದಿದ್ದರೆ ಮಾತ್ರ ಪಾರ್ಟಿಷನ್‌ಗಳು (ಡಿಸ್ಕಿನ ವಿಭಾಗಗಳು) ಲೂಪ್0ಪಿ1, ಲೂಪ್0ಪಿ2 ಎಂದು ಬೇರೆಬೇರೆಯಾಗಿ ಕಾಣುತ್ತವೆ. ಬಳಿಕ ಬೇಕಾದುದನ್ನು ಮೌಂಟ್ -ಒ ಆರ್‌ಒ ಎಂದು ಏರಿಸಿ. ಎಕ್ಸ್‌ಟಿ4 ಆಗಿದ್ದು, ಡಿಸ್ಕ್ ಸರಿಯಾಗಿ ಮುಚ್ಚದೆ ನಿಂತಿದ್ದರೆ ಬರೇ ಆರ್‌ಒ ಸಾಲದು. ಕರ್ನಲ್ (ಲಿನಕ್ಸ್‌ನ ತಿರುಳು) ಜರ್ನಲ್ (ಬಾಕಿ ಬದಲಾವಣೆಗಳ ದಿನಚರಿ) ಮರುಬರೆಯಲು ನೋಡುತ್ತದೆ, ಲೂಪ್ ಸಾಧನ ಓದಲು-ಮಾತ್ರ ಇರುವುದರಿಂದ ಮೌಂಟ್ ಸೋಲುತ್ತದೆ. ಆಗ ಆರ್‌ಒ,ನೋಲೋಡ್ ಎಂದು ಕೊಡಿ. ಎಕ್ಸ್‌ಎಫ್‌ಎಸ್‌ನಲ್ಲಿ ಅದರ ಜಾಗಕ್ಕೆ ನೋರಿಕವರಿ. ಎಫ್‌ಎಸ್‌ಸಿಕೆ (ಫೈಲ್ ಸಿಸ್ಟಂ ತಪಾಸಣೆ, ದುರಸ್ತಿಯ ಆಜ್ಞೆ) ಓಡಿಸುವುದಿದ್ದರೆ ಇಮೇಜ್‌ನ ಇನ್ನೊಂದು ಪ್ರತಿಯ ಮೇಲೆ ಓಡಿಸಿ, ಮೂಲ ಇಮೇಜ್ ಮೇಲೆ ಬೇಡವೇ ಬೇಡ. ಅದು ಕೆಲವೊಮ್ಮೆ ‘ಸರಿಪಡಿಸುವ’ ಭರದಲ್ಲಿ ಫೈಲುಗಳ ಹೆಸರು ಕಿತ್ತು ಲಾಸ್ಟ್+ಫೌಂಡ್‌ಗೆ ತಳ್ಳುತ್ತದೆ, ಹಿಂದೆ ತಿರುಗುವ ದಾರಿ ಇರುವುದಿಲ್ಲ.

ಪ್ರಶ್ನೆ: ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ 32 ಜಿಬಿ ಕಾರ್ಡಿನ ಇಮೇಜನ್ನು ಬೇರೆ ಕಂಪನಿಯ 32 ಜಿಬಿ ಕಾರ್ಡಿಗೆ ಬರೆದರೆ ‘ನೋ ಸ್ಪೇಸ್ ಲೆಫ್ಟ್’ ಎನ್ನುತ್ತದೆ. ಒಳಗಿರುವುದು 5 ಜಿಬಿ ಮಾತ್ರ. – ಓದುಗರು, ಹುಬ್ಬಳ್ಳಿ

ಉತ್ತರ: ಕಾರ್ಡಿನ ಮೇಲಿನ 32 ಎಂಬುದು ಸುಮಾರು ಲೆಕ್ಕ. ನಿಜವಾದ ಸೆಕ್ಟರ್‌ಗಳ ಸಂಖ್ಯೆ ಕಂಪನಿಯಿಂದ ಕಂಪನಿಗೆ ಬೇರೆ. ಡಿಡಿ ಖಾಲಿ ಜಾಗವನ್ನೂ ಸೇರಿಸಿ ಮೊದಲ ಸೆಕ್ಟರಿನಿಂದ ಕೊನೆಯದರವರೆಗೆ ಎತ್ತುವುದರಿಂದ ಕೆಲವು ಎಂಬಿ ಕಡಿಮೆಯಾದರೂ ಹಿಡಿಸುವುದಿಲ್ಲ. ಇಮೇಜನ್ನೇ ಕಿರಿದು ಮಾಡಬೇಕು, ಅದೂ ಒಳಗಿನಿಂದ ಹೊರಗೆ: ಮೊದಲು ಫೈಲ್ ಸಿಸ್ಟಂ, ಆಮೇಲೆ ಪಾರ್ಟಿಷನ್, ಕಡೆಗೆ ಫೈಲು. ಈ ಕ್ರಮ ತಲೆಕೆಳಗಾದರೆ ಫೈಲ್ ಸಿಸ್ಟಂನ ಬಾಲ ಕತ್ತರಿಸಿದಂತೆಯೇ.

ಇಮೇಜನ್ನು ಈ ಸಲ -ಆರ್ ಇಲ್ಲದೆ ಲೋಸೆಟಪ್‌ಗೆ ಕೊಡಿ. ಇ2ಎಫ್‌ಎಸ್‌ಸಿಕೆ -ಎಫ್ /ಡೆವ್/ಲೂಪ್0ಪಿ2 ಓಡಿಸಿ. ಇದಾಗದೆ ಗಾತ್ರ ಬದಲಿಸುವ ಮುಂದಿನ ಆಜ್ಞೆ, ರಿಸೈಜ್2ಎಫ್‌ಎಸ್, ಒಪ್ಪುವುದಿಲ್ಲ. ರಿಸೈಜ್2ಎಫ್‌ಎಸ್ ಮುಂದೆ ದೊಡ್ಡಕ್ಷರದ -ಪಿ ಕೊಟ್ಟರೆ ಕನಿಷ್ಠ ಎಷ್ಟು ಬ್ಲಾಕ್ ಬೇಕೆಂದು ಅಂದಾಜು ಹೇಳುತ್ತದೆ. ಅದಕ್ಕೆ ಹತ್ತರಲ್ಲೊಂದು ಪಾಲು ಸೇರಿಸಿ. ಲೆಕ್ಕ 15,00,000 ಬ್ಲಾಕ್ ಬಂತು ಎನ್ನಿ: ರಿಸೈಜ್2ಎಫ್‌ಎಸ್ /ಡೆವ್/ಲೂಪ್0ಪಿ2 1500000. ಒಂದು ಬ್ಲಾಕ್ 4096 ಬೈಟ್, ಅಂದರೆ 8 ಸೆಕ್ಟರ್. ಒಟ್ಟು 1,20,00,000 ಸೆಕ್ಟರ್.

ಎರಡನೇ ಪಾರ್ಟಿಷನ್ ಎಲ್ಲಿ ಶುರು ಎಂಬುದನ್ನು ಎಫ್‌ಡಿಸ್ಕ್ -ಎಲ್ ತೋರಿಸುತ್ತದೆ. 532480 ಎಂದಿದ್ದರೆ ಕೊನೆಯ ಸೆಕ್ಟರ್ 532480 + 12000000 – 1 = 12532479. ಪಾರ್ಟೆಡ್ /ಡೆವ್/ಲೂಪ್0 ತೆರೆದು ರಿಸೈಜ್‌ಪಾರ್ಟ್ 2 12532479ಎಸ್ ಕೊಡಿ. ಸಂಖ್ಯೆಯ ಕೊನೆಯ ಆ ‘ಎಸ್’ ಮರೆತರೆ ಅದನ್ನು ಎಂಬಿ ಎಂದು ಓದಿಕೊಳ್ಳುತ್ತದೆ. ದತ್ತಾಂಶ ಹೋದೀತು ಎಂದು ಎಚ್ಚರಿಸಿದಾಗ, ಲೆಕ್ಕ ಮತ್ತೊಮ್ಮೆ ನೋಡಿ ಯೆಸ್ ಎನ್ನಿ. ಲೋಸೆಟಪ್ -ಡಿ ಕೊಟ್ಟು ಲೂಪ್ ಬಿಡಿಸಿ. ಫೈಲಿನ ಹೊಸ ಗಾತ್ರ 12532480 × 512 = 6416629760 ಬೈಟ್. ಟ್ರಂಕೇಟ್ -ಎಸ್ 6416629760 ಪೈ.ಐಎಂಜಿ. ಈಗ ಅದು 8 ಜಿಬಿ ಕಾರ್ಡಿನಲ್ಲೂ ಕೂರುತ್ತದೆ.

ಹೊಸ ಪಾರ್ಟಿಷನ್ ಪಟ್ಟಿಯನ್ನೇ ರಚಿಸಲು ಹೋಗಬೇಡಿ. ಡಿಸ್ಕಿನ ಗುರುತು ಸಂಖ್ಯೆ ಬದಲಾಗುತ್ತದೆ. ಪೈನ ಬೂಟ್ ಕಡತ ರೂಟ್ ಪಾರ್ಟಿಷನನ್ನು ಹುಡುಕುವುದು ಆ ಸಂಖ್ಯೆಯಿಂದ. ಮೇಲಿನ ಲೆಕ್ಕ ಎಂಬಿಆರ್ ಎಂಬ ಹಳೆಯ ಬಗೆಯ ಪಾರ್ಟಿಷನ್ ಪಟ್ಟಿ ಇರುವ ಕಾರ್ಡಿಗೆ ಹೊಂದುತ್ತದೆ. ಜಿಪಿಟಿ ಎಂಬ ಹೊಸ ಬಗೆಯ ಪಟ್ಟಿ ಇರುವ ಡಿಸ್ಕಿನಲ್ಲಿ ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ತುದಿಯಲ್ಲಿರುತ್ತದೆ, ಬಾಲ ಕತ್ತರಿಸಿದಾಗ ಅದೂ ಹೋಗುತ್ತದೆ. ಅದಕ್ಕೆ ತುಸು ಹೆಚ್ಚು ಜಾಗ ಬಿಟ್ಟು ಕತ್ತರಿಸಿ, ಎಸ್‌ಜಿಡಿಸ್ಕ್ -ಇ ಕೊಟ್ಟು ಆ ಪ್ರತಿಯನ್ನು ಹೊಸ ತುದಿಗೆ ತನ್ನಿ.

ಪ್ರಶ್ನೆ: ಯಕ್ಷಗಾನ, ತಾಳಮದ್ದಳೆ ಧ್ವನಿಮುದ್ರಣಗಳನ್ನು ಐಎಸ್‌ಒ (ಸಿಡಿ, ಡಿವಿಡಿ ಮಾದರಿಯ ಇಮೇಜ್) ಮಾಡಿ ಇಡುತ್ತಿದ್ದೇವೆ. ಫೈಲ್ ಹೆಸರುಗಳೆಲ್ಲ ಕನ್ನಡದಲ್ಲಿವೆ. ವಿಂಡೋಸ್‌ನಲ್ಲಿ ಕೆಲವು ಹೆಸರು ತುಂಡಾಗಿ ಕಾಣುತ್ತವೆ. ಮ್ಯಾಕ್‌ನಲ್ಲಿ ಮಾಡಿದ ಇಮೇಜ್‌ನ ಫೈಲುಗಳು ಲಿನಕ್ಸ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ, ಕಣ್ಣಿಗೆ ಮಾತ್ರ ಕಾಣುತ್ತವೆ. – ಓದುಗರು, ಉಡುಪಿ

ಉತ್ತರ: ಇಂಥ ಸಂಗ್ರಹಕ್ಕೆ ಕನ್ನಡದಲ್ಲೇ ಹೆಸರಿಡುತ್ತಿರುವುದು ಒಳ್ಳೆಯ ಕೆಲಸ, ತೊಡಕಿಗೆ ಹೆದರಿ ಅದನ್ನು ಬಿಡಬೇಡಿ. ನಿಮ್ಮಲ್ಲಿರುವುದು ಎರಡು ಬೇರೆ ಬೇರೆ ತೊಂದರೆ.

ಮೊದಲನೆಯದು ಉದ್ದ. ಐಎಸ್‌ಒ ಇಮೇಜ್‌ನ ಮೂಲ ವಿನ್ಯಾಸವಾದ ಬರೇ ಐಎಸ್‌ಒ 9660ಗೆ ಕನ್ನಡವೇ ತಿಳಿಯದು. ಕನ್ನಡ ಹೆಸರು ಉಳಿಸುವುದು ಅದರ ಮೇಲೆ ಕೂರುವ ಎರಡು ಪದರಗಳು: ಲಿನಕ್ಸ್ ಓದುವ ರಾಕ್ ರಿಡ್ಜ್, ವಿಂಡೋಸ್ ಓದುವ ಜೋಲಿಯೆಟ್. ರಾಕ್ ರಿಡ್ಜ್‌ನ ಮಿತಿ 255 ಬೈಟ್, ಜೋಲಿಯೆಟ್‌ನದು 64 ಸಂಕೇತ. ಕನ್ನಡದ ಪ್ರತಿ ಸಂಕೇತಕ್ಕೆ ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) 3 ಬೈಟ್ ಬೇಕು, ಹಾಗಾಗಿ ಮೊದಲನೆಯದರಲ್ಲಿ ಹಿಡಿಸುವುದು 85 ಸಂಕೇತ. ಸಂಕೇತ ಅಂದರೆ ನಾವು ಎಣಿಸುವ ಅಕ್ಷರವಲ್ಲ: ‘ತಾಳಮದ್ದಳೆ’ ನಮಗೆ 5 ಅಕ್ಷರ, ಕಂಪ್ಯೂಟರಿಗೆ 9 ಸಂಕೇತ, 27 ಬೈಟ್. ದೀರ್ಘ, ಒತ್ತು, ವಿರಾಮ ಎಲ್ಲಕ್ಕೂ ಒಂದೊಂದು. ವಿಂಡೋಸ್‌ನ ಫೈಲ್ ಸಿಸ್ಟಂ ಎನ್‌ಟಿಎಫ್‌ಎಸ್‌ನಲ್ಲಿ 100 ಸಂಕೇತದ ಕನ್ನಡ ಹೆಸರು ನೆಮ್ಮದಿಯಾಗಿ ಇರುತ್ತದೆ, ಎಕ್ಸ್‌ಟಿ4ಗೆ ನಕಲು ಮಾಡಿದರೆ ‘ಫೈಲ್ ನೇಮ್ ಟೂ ಲಾಂಗ್’ ಎನ್ನುವುದೂ ಇದೇ ಕಾರಣಕ್ಕೆ. ಆಜ್ಞೆ:

ಕ್ಸೋರಿಸೊ -ಆಸ್ ಎಂಕೆಐಸೊಎಫ್‌ಎಸ್ -ಆರ್ -ಜೆ -ಜೋಲಿಯೆಟ್-ಲಾಂಗ್ -ವಿ ಯಕ್ಷ01 -ಒ ಯಕ್ಷ01.ಐಎಸ್‌ಒ ಸಂಗ್ರಹ/

ಜೆ, ವಿ ದೊಡ್ಡಕ್ಷರ. -ಜೋಲಿಯೆಟ್-ಲಾಂಗ್ ಮಿತಿಯನ್ನು 103ಕ್ಕೆ ಏರಿಸುತ್ತದೆ. -ವಿ ಮುಂದಿನದು ಡಿಸ್ಕಿನ ಹೆಸರು. 32ಕ್ಕೆ ಮೀರದಂತೆ ಇಂಗ್ಲಿಷ್ ದೊಡ್ಡಕ್ಷರ, ಅಂಕಿ, ಅಡಿಗೆರೆಗಳಲ್ಲೇ ಇಡಿ. ಓಡಿಸುವ ಮೊದಲು ಲೊಕೇಲ್ ಎಂದು ಟೈಪ್ ಮಾಡಿ ಯುಟಿಎಫ್-8 ಇದೆಯೇ ನೋಡಿ. ಬರೇ ‘ಸಿ’ ಎಂದಿದ್ದರೆ ಜೋಲಿಯೆಟ್ ಹೆಸರುಗಳು ಕೆಡುತ್ತವೆ. ರಾಗ, ಪ್ರಸಂಗ, ಭಾಗವತರು, ದಿನಾಂಕ ಎಲ್ಲವನ್ನೂ ಫೈಲ್ ಹೆಸರಿಗೇ ತುರುಕುವ ಬದಲು ಫೋಲ್ಡರ್‌ಗಳಿಗೆ ಹಂಚಿದರೆ ಮಿತಿಯ ಹತ್ತಿರವೂ ಹೋಗುವುದಿಲ್ಲ.

ಎರಡನೆಯದು ಸಂಕೇತದ ಜೋಡಣೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿ ಬರೆಯುತ್ತದೆ. ‘ಕೋ’ ಎಂದು ನೀವು ಕೊಟ್ಟರೆ ಓತ್ವದ ಒಂದು ಸಂಕೇತದ ಬದಲು ಎತ್ವ, ಊತ್ವ, ದೀರ್ಘದ ಗುರುತು ಹೀಗೆ ಮೂರು ಸಂಕೇತ ಇಡುತ್ತದೆ. ಕೀ, ಕೇ, ಕೈ, ಕೊ ಎಲ್ಲಕ್ಕೂ ಇದೇ ಗತಿ. ತೆರೆಯ ಮೇಲೆ ಒಂದೇ ಥರ ಕಂಡರೂ ಬೈಟ್‌ಗಳು ಬೇರೆ. ಲಿನಕ್ಸ್ ಹೋಲಿಸುವುದು ಬೈಟ್‌ಗಳನ್ನು. ಫೈಲುಗಳನ್ನು ನಕಲು ಮಾಡಿದ ಮೇಲೆ ಕಾನ್ವ್‌ಎಂವಿ -ಎಫ್ ಯುಟಿಎಫ್8 -ಟಿ ಯುಟಿಎಫ್8 --ಎನ್‌ಎಫ್‌ಸಿ -ಆರ್ ಸಂಗ್ರಹ/ ಕೊಡಿ. ಅದು ಏನು ಬದಲಾಗುತ್ತದೆಂದು ತೋರಿಸುತ್ತದೆ ಅಷ್ಟೇ. ಒಪ್ಪಿಗೆಯಾದರೆ --ನೋಟೆಸ್ಟ್ ಸೇರಿಸಿ ಮತ್ತೆ ಓಡಿಸಿ. ಇದಾದ ಬಳಿಕವೂ ಸಿಗದ ಹೆಸರಿದ್ದರೆ ಅದರೊಳಗೆ ಕಣ್ಣಿಗೆ ಕಾಣದ ಶೂನ್ಯ ಅಗಲದ ಗುರುತು ಸೇರಿರಬಹುದು. ‘ಸಾಫ್ಟ್‌ವೇರ್’ ಥರದ ಪದದಲ್ಲಿ ಒತ್ತಕ್ಷರ ಆಗದಂತೆ ಹಾಕುವ ಅದೇ ಗುರುತು. ಅದೂ 3 ಬೈಟ್ ತಿನ್ನುತ್ತದೆ.

ಪ್ರಶ್ನೆ: ಎಂಕೆಸ್ಕ್ವಾಶ್‌ಎಫ್‌ಎಸ್ (ಫೋಲ್ಡರನ್ನು ಕುಗ್ಗಿಸಿ ಓದಲು-ಮಾತ್ರ ಇಮೇಜ್ ಮಾಡುವ ಆಜ್ಞೆ) ಎರಡನೇ ಸಲ ಓಡಿಸಿದಾಗ ಇಮೇಜ್ ದೊಡ್ಡದಾಗಿದೆ, ಅಳಿಸಿದ ಫೈಲುಗಳೂ ಒಳಗಿವೆ. – ಓದುಗರು, ಮೈಸೂರು

ಉತ್ತರ: ಅದೇ ಹೆಸರಿನ ಇಮೇಜ್ ಮೊದಲೇ ಇದ್ದರೆ ಅದು ಹಳೆಯದನ್ನು ಅಳಿಸದೆ ಕೊನೆಗೆ ಸೇರಿಸುತ್ತಾ ಹೋಗುತ್ತದೆ. -ನೋಅಪೆಂಡ್ ಕೊಡಿ. -ಕಾಂಪ್ ಝಡ್‌ಎಸ್‌ಟಿಡಿ -ಬಿ 1ಎಂ ಕೂಡ ಸೇರಿಸಿದರೆ ಗಾತ್ರ ಇಳಿಯುತ್ತದೆ, ಬಿಚ್ಚುವ ವೇಗವೂ ಚೆನ್ನಾಗಿರುತ್ತದೆ. ಝಡ್‌ಎಸ್‌ಟಿಡಿ ಎಂಬ ವಿಧಾನದಲ್ಲಿ ಕುಗ್ಗಿಸಿದ ಇಮೇಜ್ ಓದಲು ಕರ್ನಲ್ 4.14 ಅಥವಾ ಅದರ ಮುಂದಿನದು ಬೇಕು.

ಪ್ರಶ್ನೆ: ಮ್ಯಾಕ್‌ನಲ್ಲಿ ಗುಪ್ತಪದ ಇರುವ, ಬೇಕಾದಷ್ಟು ಬೆಳೆಯುವ ಇಮೇಜ್ ಹೇಗೆ? ಫೈಲ್ ಅಳಿಸಿದರೂ ಗಾತ್ರ ಇಳಿಯುವುದಿಲ್ಲವಲ್ಲ? – ಓದುಗರು, ಬೆಂಗಳೂರು

ಉತ್ತರ: ಎಚ್‌ಡಿಯುಟಿಲ್ ಕ್ರಿಯೇಟ್ -ಸೈಜ್ 50ಜಿ -ಟೈಪ್ ಸ್ಪಾರ್ಸ್‌ಬಂಡಲ್ -ಎಫ್‌ಎಸ್ ಎಪಿಎಫ್‌ಎಸ್ -ಎನ್‌ಕ್ರಿಪ್ಷನ್ ಎಇಎಸ್-256 -ವಾಲ್‌ನೇಮ್ ದಾಖಲೆ ದಾಖಲೆ. ಟೈಪ್, ಎಫ್‌ಎಸ್, ಎನ್‌ಕ್ರಿಪ್ಷನ್‌ಗಳ ಮುಂದಿನ ಹೆಸರು ದೊಡ್ಡಕ್ಷರ. 50 ಜಿಬಿ ಎಂಬುದು ಮೇಲ್ಮಿತಿ. ಒಳಗೆ ಅದು 8 ಎಂಬಿಯ ತುಂಡುಗಳಾಗಿ ಬೆಳೆಯುತ್ತದೆ, ಹಾಗಾಗಿ ಬ್ಯಾಕಪ್ ಮಾಡುವಾಗ ಬದಲಾದ ತುಂಡುಗಳನ್ನಷ್ಟೇ ಕಳಿಸಿದರೆ ಸಾಕು. ಅಳಿಸಿದ ಜಾಗ ತಾನಾಗಿ ಮರಳುವುದಿಲ್ಲ. ಇಮೇಜನ್ನು ಡಿಟ್ಯಾಚ್ ಮಾಡಿ (ಬಿಡಿಸಿ) ಎಚ್‌ಡಿಯುಟಿಲ್ ಕಾಂಪ್ಯಾಕ್ಟ್ ಕೊಡಿ, ಚಾರ್ಜರ್ ಹಾಕಿಕೊಂಡೇ. ಡಿಟ್ಯಾಚ್ ‘ರಿಸೋರ್ಸ್ ಬಿಜಿ’ ಎಂದರೆ ಎಲ್‌ಎಸ್‌ಒಎಫ್ ಓಡಿಸಿ ಯಾವ ಪ್ರೋಗ್ರಾಂ ಹಿಡಿದಿದೆ ನೋಡಿ. -ಫೋರ್ಸ್ ಕೊನೆಯ ದಾರಿ.

ಪ್ರಶ್ನೆ: ವಿಂಡೋಸ್ ಐಎಸ್‌ಒದಲ್ಲಿ ಇಡೀ ವಿಂಡೋಸ್ ಅಡಗಿರುವ ಇನ್‌ಸ್ಟಾಲ್.ವಿಮ್ ಫೈಲು 4 ಜಿಬಿ ದಾಟಿದೆ, ಫ್ಯಾಟ್32 ಪೆನ್‌ಡ್ರೈವ್‌ಗೆ ಹೋಗುತ್ತಿಲ್ಲ. – ಓದುಗರು, ಕಲಬುರಗಿ

ಉತ್ತರ: ಅದನ್ನು ತುಂಡು ಮಾಡಿ. ಲಿನಕ್ಸ್‌ನಲ್ಲಿ ವಿಮ್‌ಲಿಬ್-ಇಮೇಜೆಕ್ಸ್ ಸ್ಪ್ಲಿಟ್ ಇನ್‌ಸ್ಟಾಲ್.ವಿಮ್ ಇನ್‌ಸ್ಟಾಲ್.ಎಸ್‌ಡಬ್ಲ್ಯೂಎಂ 3800. ವಿಂಡೋಸ್‌ನಲ್ಲಿ ಡಿಸ್ಮ್‌ನ ಸ್ಪ್ಲಿಟ್-ಇಮೇಜ್ ಇದೇ ಕೆಲಸ ಮಾಡುತ್ತದೆ. ತುಂಡುಗಳನ್ನು ಸೋರ್ಸಸ್ ಫೋಲ್ಡರಿಗೆ ಹಾಕಿ, ಮೂಲ ವಿಮ್ ಬಿಟ್ಟುಬಿಡಿ. ಸೆಟಪ್ ತಾನೇ ಗುರುತಿಸುತ್ತದೆ.

ಪ್ರಶ್ನೆ: ಪೆನ್‌ಡ್ರೈವ್‌ಗೆ ಬರೆದ ಇಮೇಜ್ ಸರಿಯಾಗಿದೆಯೇ ಎಂದು ಶಾ256ಸಮ್‌ನಿಂದ (ದತ್ತಾಂಶದ ಬೆರಳಚ್ಚಿನಂಥ ಸಂಖ್ಯೆ ಲೆಕ್ಕ ಹಾಕುವ ಆಜ್ಞೆ) ನೋಡಿದರೆ ಯಾವಾಗಲೂ ಬೇರೆ ಸಂಖ್ಯೆ ಬರುತ್ತದೆ. – ಓದುಗರು, ಮಡಿಕೇರಿ

ಉತ್ತರ: ಇಮೇಜ್ 3 ಜಿಬಿ, ಡ್ರೈವ್ 16 ಜಿಬಿ ಇದ್ದರೆ ನೀವು ಉಳಿದ 13 ಜಿಬಿಯ ಹಳೆಯ ಕಸವನ್ನೂ ಸೇರಿಸಿ ಲೆಕ್ಕ ಹಾಕಿಸುತ್ತಿದ್ದೀರಿ. ಇಮೇಜ್‌ನಷ್ಟೇ ಬೈಟ್ ಹೋಲಿಸಬೇಕು. ಸ್ಟ್ಯಾಟ್ -ಸಿ %ಎಸ್ ಕೊಟ್ಟು ಇಮೇಜ್‌ನ ಗಾತ್ರ ತಿಳಿದುಕೊಂಡು, ಸಿಎಂಪಿ -ಎನ್ ಮುಂದೆ ಆ ಸಂಖ್ಯೆ, ಇಮೇಜ್‌ನ ಹೆಸರು, /ಡೆವ್/ಎಸ್‌ಡಿಬಿ ಕೊಡಿ. ಏನೂ ಮಾತಾಡದೆ ಮುಗಿದರೆ ಎರಡೂ ಒಂದೇ. ಬರೆಯುವಾಗಲೇ ಡಿಡಿಗೆ ಕಾನ್ವ್=ಎಫ್‌ಸಿಂಕ್ ಸೇರಿಸಿ, ಮುಗಿದ ಮೇಲೆ ಡ್ರೈವ್ ಕಿತ್ತು ಮತ್ತೆ ಚುಚ್ಚಿ ಹೋಲಿಸಿ. ಕೀಳದೆ ಹೋಲಿಸಿದರೆ ಕರ್ನಲ್ ತನ್ನ ಮೆಮೊರಿಯಲ್ಲಿ ಉಳಿದಿರುವ ಪ್ರತಿಯನ್ನೇ ಓದಿಕೊಡಬಹುದು. ಮತ್ತೆ ಚುಚ್ಚಿದಾಗ ಡೆಸ್ಕ್‌ಟಾಪ್ ಅದನ್ನು ತಾನಾಗಿ ಮೌಂಟ್ ಮಾಡಲು ಬಿಡಬೇಡಿ. ಎಕ್ಸ್‌ಟಿ4, ಫ್ಯಾಟ್‌ಗಳಲ್ಲಿ ಮೌಂಟ್ ಆದೊಡನೆ ಕೆಲವು ಬೈಟ್ ಬದಲಾಗಿ, ಸರಿಯಾದ ಪ್ರತಿಯೂ ತಪ್ಪೆಂದು ಕಾಣುತ್ತದೆ.