ಸ್ಟುಟ್‌ಗಾರ್ಟ್‌ನ ತಂಗಿಗೆ, ಕಡಿಮೆ ಸಂಬಳದ ತಿಂಗಳುಗಳ ಬಗ್ಗೆ

ತಂಗಿ, ನಿನ್ನ ಪತ್ರ ಎರಡು ಸಲ ಓದಿದೆ. ನೀವು ಸ್ಟುಟ್‌ಗಾರ್ಟ್‌ಗೆ ಬಂದು ಎಂಟು ತಿಂಗಳು. ನಿನ್ನ ಯಜಮಾನರು ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿದ್ದಾರೆ. ಮುಂದಿನ ತಿಂಗಳಿಂದ ಅರ್ಧ ದಿನದ ಕೆಲಸ ಮಾತ್ರ, ಎಷ್ಟು ತಿಂಗಳು ಹೀಗೆ ಅಂತ ಯಾರೂ ಹೇಳುತ್ತಿಲ್ಲ. ನಾಲ್ಕು ವರ್ಷದ ಮಗಳಿದ್ದಾಳೆ. ದಾವಣಗೆರೆಯಲ್ಲಿ ಮನೆ ಸಾಲದ ಕಂತು ಬೇರೆ ಇದೆ. "ಅಕ್ಕಾ, ಇಷ್ಟರಲ್ಲಿ ಇಲ್ಲಿ ಮನೆ ನಡೆಯುತ್ತಾ, ಇಲ್ಲ ವಾಪಸ್ ಹೊರಡೋದೇ ಒಳ್ಳೇದಾ? ಊರಲ್ಲಿ ಹೇಳಲಾ, ಬೇಡವಾ?" ಅಂತ ಕೇಳಿದ್ದೀಯ. ಅಕ್ಕ ಅಂತ ಕರೆದಿದ್ದೀಯ, ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ.

ನಡೆಯುತ್ತದೆ. ಧೈರ್ಯ ತುಂಬಲು ಸುಮ್ನೆ ಹೇಳುತ್ತಿಲ್ಲ. ನಾವು 2009ರಲ್ಲಿ ಇದೇ ಊರಿನಲ್ಲಿ ಏಳು ತಿಂಗಳು ಹೀಗೇ ಕಳೆದೆವು. ಆ ವರ್ಷ ಮೇ ತಿಂಗಳಲ್ಲಿ ಜರ್ಮನಿಯಲ್ಲಿ 14 ಲಕ್ಷಕ್ಕೂ ಜಾಸ್ತಿ ಜನ ಕುರ್ಟ್ಸ್‌ಆರ್ಬೈಟ್‌ನಲ್ಲಿ, ಅಂದರೆ ಹೀಗೆ ಕೆಲಸದ ಗಂಟೆ ಕಡಿಮೆ ಮಾಡುವ ವ್ಯವಸ್ಥೆಯಲ್ಲಿ, ಇದ್ದರು. ಆಮೇಲೆ 2020ರ ಏಪ್ರಿಲ್‌ನಲ್ಲಿ, ಕೊರೊನಾ ಕಾಲದಲ್ಲಿ, ಸುಮಾರು 60 ಲಕ್ಷ ಜನ. ಕೆಲಸ ಕಡಿಮೆಯಾದಾಗ ಜನರನ್ನು ತೆಗೆದುಹಾಕುವ ಬದಲು ಗಂಟೆ ಕಡಿಮೆ ಮಾಡಿ, ಸಂಬಳದಲ್ಲಿ ಬಿದ್ದ ಹಳ್ಳದ ಒಂದು ಭಾಗವನ್ನು ನಿರುದ್ಯೋಗ ವಿಮೆಯ ದುಡ್ಡಿನಿಂದ ತುಂಬುತ್ತಾರೆ. ಈ ವಿಮೆಗೆ ನಿನ್ನ ಯಜಮಾನರ ಸಂಬಳದಿಂದಲೂ ತಿಂಗಳು ತಿಂಗಳು ಹೋಗಿದೆ. ಹಾಗಾಗಿ ಇದು ದಾನವಲ್ಲ. ತಲೆ ತಗ್ಗಿಸುವಂಥದ್ದೇನೂ ಇಲ್ಲ.

ಮೊದಲು ಲೆಕ್ಕ ಸರಿಯಾಗಿ ತಿಳಿದುಕೋ. "ಶೇಕಡಾ 60 ಸಂಬಳ ಬರುತ್ತಂತೆ" ಅಂತ ಬರೆದಿದ್ದೀಯ. ಅದು ಹಾಗಲ್ಲ. ಕೈಗೆ ಬರುವ ಸಂಬಳದಲ್ಲಿ ಎಷ್ಟು ಕಡಿಮೆಯಾಯಿತೋ ಆ ವ್ಯತ್ಯಾಸದ ಶೇಕಡಾ 60 ಕೊಡುತ್ತಾರೆ. ಮಗು ಇದ್ದರೆ ಶೇಕಡಾ 67. ಉದಾಹರಣೆಗೆ ಮೊದಲು 3,200 ಯೂರೋ ಕೈಗೆ ಬರುತ್ತಿತ್ತು ಅಂದುಕೋ. ಅರ್ಧ ಕೆಲಸಕ್ಕೆ 1,900 ಬಂತು. ವ್ಯತ್ಯಾಸ 1,300. ಅದರ ಶೇಕಡಾ 67 ಅಂದರೆ 871. ಒಟ್ಟು 2,771. ಸಂಬಳ ಅರ್ಧವಾಗಲಿಲ್ಲ, ಸುಮಾರು 430 ಯೂರೋ ಕಡಿಮೆಯಾಯಿತು. ಈ ದುಡ್ಡನ್ನು ಕಂಪನಿಯೇ ಸಂಬಳದ ಜೊತೆ ಕೊಟ್ಟು, ಆಮೇಲೆ ಉದ್ಯೋಗ ಕಚೇರಿಯಿಂದ ವಾಪಸ್ ಪಡೆಯುತ್ತದೆ. ನೀನು ಯಾವ ಕಚೇರಿಗೂ ಓಡಾಡಬೇಕಿಲ್ಲ. ಆದರೆ ಸಂಬಳದ ಚೀಟಿ ತೆಗೆದು ಎರಡು ವಿಷಯ ನೋಡು. ಮಗು ಅಲ್ಲಿ ದಾಖಲಾಗಿದೆಯಾ? ಇಲ್ಲದಿದ್ದರೆ 67ರ ಬದಲು 60 ಹಾಕಿಬಿಡುತ್ತಾರೆ. ತೆರಿಗೆ ವರ್ಗ ಯಾವುದು? ಮದುವೆಯಾದವರಿಗೆ ಸಾಮಾನ್ಯವಾಗಿ ಇಬ್ಬರಿಗೂ ನಾಲ್ಕನೇ ವರ್ಗ ಹಾಕಿರುತ್ತಾರೆ. ಒಬ್ಬರೇ ದುಡಿಯುವ ಮನೆಯಲ್ಲಿ ದುಡಿಯುವವರಿಗೆ ಮೂರು, ಇನ್ನೊಬ್ಬರಿಗೆ ಐದು ಅಂತ ಕೇಳಿ ಬದಲಿಸಿಕೊಳ್ಳಬಹುದು. ಆಗ ತಿಂಗಳು ತಿಂಗಳು ಕೈಗೆ ಬರುವುದು ಜಾಸ್ತಿಯಾಗುತ್ತದೆ.

ಇನ್ನು ಅನಿಶ್ಚಿತತೆಯ ಮಾತು. ಒಂದು ತಿಂಗಳು ಅರ್ಧ ಕೆಲಸ, ಇನ್ನೊಂದು ತಿಂಗಳು ಮುಕ್ಕಾಲು, ಮತ್ತೊಂದು ತಿಂಗಳು ಸೊನ್ನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಆದರೆ ಹಾಸಿಗೆ ಎಷ್ಟುದ್ದ ಅಂತಲೇ ಗೊತ್ತಿಲ್ಲದಿದ್ದರೆ ಏನು ಮಾಡೋದು? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ನಮ್ಮಮ್ಮನಿಂದ. ನಮ್ಮದು ಅರಸೀಕೆರೆ ಕಡೆಯ ಮಳೆ ನಂಬಿದ ಜಮೀನು. ಅಮ್ಮ ಯಾವತ್ತೂ ಒಳ್ಳೆ ವರ್ಷದ ಲೆಕ್ಕದಲ್ಲಿ ರಾಗಿ ಅಳೆಯುತ್ತಿರಲಿಲ್ಲ. ಕೆಟ್ಟ ವರ್ಷದಲ್ಲಿ ಎಷ್ಟು ಸೇರು ಬೀಸಲು ಕೊಡುತ್ತಿದ್ದಳೋ ಒಳ್ಳೆ ವರ್ಷದಲ್ಲೂ ಅಷ್ಟೇ. ಮಿಕ್ಕಿದ್ದು ಕಣಜಕ್ಕೆ.

ನೀನೂ ಹಾಗೇ ಮಾಡು. ಒಂದು ಗಂಟೆಯೂ ಕೆಲಸವಿಲ್ಲದ ತಿಂಗಳು ಎಷ್ಟು ಬರುತ್ತದೆ? ನಮ್ಮ ಉದಾಹರಣೆಯಲ್ಲಿ 3,200ರ ಶೇಕಡಾ 67, ಅಂದರೆ 2,144. ಮನೆಯನ್ನು ಆ 2,144ರ ಮೇಲೆ ನಿಲ್ಲಿಸು. 2,771 ಬಂದ ತಿಂಗಳೂ ಖರ್ಚು 2,144ರೊಳಗೇ ಇರಲಿ. ಮಿಕ್ಕ 600 ಚಿಲ್ಲರೆ ಸಂಬಳ ಬಂದ ದಿನವೇ ಬೇರೆ ಖಾತೆಗೆ ಹೋಗಲಿ. ತಿಂಗಳ ಕೊನೆಗೆ ಉಳಿದಿದ್ದನ್ನು ಹಾಕುತ್ತೇನೆ ಅಂದರೆ ಏನೂ ಉಳಿಯುವುದಿಲ್ಲ.

ಆ ಎರಡನೇ ಖಾತೆ ಯಾಕೆ ಬೇಕು ಅಂದರೆ, ಈ ದೇಶದಲ್ಲಿ ದೊಡ್ಡ ಬಿಲ್ಲುಗಳು ತಡವಾಗಿ ಬರುತ್ತವೆ. ನಾವು ಪೆಟ್ಟು ತಿಂದಿದ್ದೂ ಇಲ್ಲೇ. 2009ರಲ್ಲಿ ನಾವು ತುಂಬಾ ಜೋಪಾನವಾಗಿ ಮನೆ ನಡೆಸಿದೆವು. ಕಷ್ಟ ಮುಗಿಯಿತು, ಗಂಟೆಗಳು ಮೊದಲಿನಂತಾದವು. 2010ರ ಬೇಸಿಗೆಯಲ್ಲಿ ತೆರಿಗೆಯವರ ಕಾಗದ ಬಂತು, 900ಕ್ಕೂ ಜಾಸ್ತಿ ಯೂರೋ ಕಟ್ಟಿ ಅಂತ. ನಾನು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತುಬಿಟ್ಟೆ. ಕುರ್ಟ್ಸ್‌ಆರ್ಬೈಟ್‌ನಲ್ಲಿ ಬಂದ ಸಹಾಯದ ದುಡ್ಡಿಗೆ ತೆರಿಗೆ ಇಲ್ಲ ಅಂತಲೇ ನಮಗೆ ಹೇಳಿದ್ದರು. ಅದು ನಿಜ, ಆದರೆ ಪೂರ್ತಿ ನಿಜ ಅಲ್ಲ. ಆ ದುಡ್ಡಿಗೆ ನೇರವಾಗಿ ತೆರಿಗೆ ಹಾಕುವುದಿಲ್ಲ. ಆದರೆ ಮಿಕ್ಕ ಸಂಬಳಕ್ಕೆ ಯಾವ ದರ ಅಂತ ಗೊತ್ತುಮಾಡುವಾಗ ಅದನ್ನೂ ಸೇರಿಸಿ ನೋಡುತ್ತಾರೆ. ದರ ಮೇಲೇರುತ್ತದೆ. ವರ್ಷದಲ್ಲಿ 410 ಯೂರೋಗಿಂತ ಜಾಸ್ತಿ ಹೀಗೆ ಬಂದಿದ್ದರೆ ತೆರಿಗೆ ಲೆಕ್ಕ ಸಲ್ಲಿಸಲೇಬೇಕು, ಸಾಮಾನ್ಯವಾಗಿ ಮುಂದಿನ ವರ್ಷದ ಜುಲೈ 31ರೊಳಗೆ. ಅದರಲ್ಲೂ ಮೂರನೇ ವರ್ಗದಲ್ಲಿದ್ದವರಿಗೆ ಬಾಕಿ ಬೀಳುವ ಸಂಭವ ಜಾಸ್ತಿ. ಇದನ್ನು ನಿನಗೆ ಯಾರೂ ಹೇಳುವುದಿಲ್ಲ, ಅದಕ್ಕೇ ಇಷ್ಟು ಬಿಡಿಸಿ ಬರೆದೆ.

ಮನೆಯ ನೆಬೆನ್‌ಕೋಸ್ಟನ್, ಅಂದರೆ ಬಾಡಿಗೆಯ ಜೊತೆ ಕಟ್ಟುವ ಹೀಟಿಂಗ್, ನೀರಿನಂಥ ಖರ್ಚಿನ ಲೆಕ್ಕವೂ ಹಾಗೇ. ಈ ಚಳಿಗಾಲದಲ್ಲಿ ಉರಿಸಿದ ಹೀಟಿಂಗ್‌ನ ಪೂರ್ತಿ ಬಿಲ್ಲು ಮುಂದಿನ ವರ್ಷ ಯಾವಾಗಲೋ ಬರುತ್ತದೆ. ಕರೆಂಟಿನ ವಾರ್ಷಿಕ ಲೆಕ್ಕ ಇನ್ನೊಂದು ದಿನ. ಟಿವಿ ಇರಲಿ ಬಿಡಲಿ, ರೇಡಿಯೋ–ಟಿವಿ ಶುಲ್ಕ ತಿಂಗಳಿಗೆ 18.36 ಯೂರೋ. ಅದನ್ನು ಮೂರು ತಿಂಗಳಿಗೊಮ್ಮೆ 55.08 ಅಂತ ಎಳೆದುಕೊಳ್ಳುತ್ತಾರೆ. ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಕೂಡಿಸಿ, ಹನ್ನೆರಡರಿಂದ ಭಾಗಿಸು. ಅಷ್ಟು ದುಡ್ಡು ನಿನ್ನದಲ್ಲ ಅಂತ ತಿಳಿದುಕೋ.

ಬಾಡಿಗೆ ಮಾತ್ರ ಒಂದು ದಿನವೂ ತಪ್ಪಿಸಬೇಡ. ಎರಡು ತಿಂಗಳ ಬಾಕಿ ನಿಂತರೆ ನೋಟಿಸ್ ಅವಧಿಯೂ ಇಲ್ಲದೆ ಬಾಡಿಗೆ ಕರಾರು ರದ್ದು ಮಾಡುವ ಹಕ್ಕು ಮಾಲೀಕರಿಗೆ ಇದೆ.

ಎಲ್ಲಿ ಉಳಿಸಬಹುದು? ಕರೆಂಟಿನ ಕಂಪನಿ ನೀವೇ ಆರಿಸಿದ್ದಾ, ಇಲ್ಲ ಮನೆಗೆ ಬಂದಾಗ ತಾನಾಗಿ ಬರುತ್ತಿತ್ತಾ? ತಾನಾಗಿ ಬಂದಿದ್ದರೆ ಅದು ಆ ಊರಿನ ಮೂಲ ಸರಬರಾಜಿನ ದರ, ಹೆಚ್ಚಿನ ಸಲ ದುಬಾರಿ. ಎರಡು ವಾರದ ನೋಟಿಸ್ ಕೊಟ್ಟರೆ ಬದಲಿಸಬಹುದು. ಹೊಸ ಕಂಪನಿಯೇ ಹಳೆಯದನ್ನು ನಿಲ್ಲಿಸಿಕೊಡುತ್ತದೆ. ಬಸ್ಸು, ಲೋಕಲ್ ರೈಲಿಗೆಲ್ಲ ನಡೆಯುವ ತಿಂಗಳ ಪಾಸು ಡಾಯ್ಚ್‌ಲಾಂಡ್ ಟಿಕೆಟ್ 2023ರಲ್ಲಿ 49 ಯೂರೋ ಇತ್ತು, 2025ರಲ್ಲಿ 58 ಆಯಿತು, 2026ರಿಂದ 63. ಅರ್ಧ ದಿನ ಕೆಲಸಕ್ಕೆ ಹೋಗುವ ಅವರಿಗೆ ಬೇಕು. ನಿನಗೆ ದಿನಾ ಬೇಕಾ ನೋಡು. ತಿಂಗಳ 10ನೇ ತಾರೀಖಿನೊಳಗೆ ಹೇಳಿದರೆ ಆ ತಿಂಗಳ ಕೊನೆಗೆ ನಿಲ್ಲಿಸಬಹುದು. ಆದರೆ ಹಫ್ಟ್‌ಪ್ಲಿಷ್ಟ್ ವಿಮೆ ಮಾತ್ರ ತೆಗೆಯಬೇಡ. ನಿಮ್ಮ ಕೈಯಿಂದ ಅಕಸ್ಮಾತ್ ಬೇರೆಯವರ ವಸ್ತು ಹಾಳಾದರೆ ಕಾಯುವುದು ಅದೇ. ವರ್ಷಕ್ಕೆ ಅದರ ಖರ್ಚೂ ಕಡಿಮೆ.

ಹೀಟರ್‌ನ ತಿರುಗಣಿಯಲ್ಲಿ 3 ಅಂದರೆ ಹತ್ತಿರ ಹತ್ತಿರ 20 ಡಿಗ್ರಿ. ಸಾಕು. ನಾನು ಮೊದಲ ಚಳಿಗಾಲ ಉಳಿಸುತ್ತೇನೆ ಅಂತ ಪೂರ್ತಿ ಆರಿಸಿ, ಕಿಟಕಿ ಮುಚ್ಚಿ, ಒಳಗೇ ಬಟ್ಟೆ ಒಣಗಿಸಿದೆ. ಗೋಡೆಯ ಮೂಲೆಯೆಲ್ಲ ಕಪ್ಪು ಬೂಷ್ಟು ಹಿಡಿಯಿತು. ನಮ್ಮ ಅಡುಗೆಯಲ್ಲಿ ಹಬೆ ಜಾಸ್ತಿ, ಅಲ್ವಾ? ದಿನಕ್ಕೆ ಎರಡು ಮೂರು ಸಲ ಕಿಟಕಿ ಪೂರ್ತಿ ತೆಗೆದು ಐದು ಹತ್ತು ನಿಮಿಷ ಗಾಳಿಯಾಡಿಸಿ ಮುಚ್ಚು. ಬೂಷ್ಟಿನ ಜಗಳ ಮಾಲೀಕರ ಜೊತೆ ಶುರುವಾದರೆ ಉಳಿಸಿದ್ದೆಲ್ಲ ಅಲ್ಲಿಗೇ ಹೋಗುತ್ತದೆ.

ಅಡುಗೆಮನೆಯ ವಿಷಯ ನನಗೆ ಪ್ರೀತಿಯದು, ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಇಂಡಿಯನ್ ಅಂಗಡಿಗೆ ವಾರ ವಾರ ಹೋಗುವುದು ನಿಲ್ಲಿಸು. ಎರಡು ತಿಂಗಳಿಗೊಮ್ಮೆ ಉದ್ದಿನಬೇಳೆ, ಹುಣಸೆ, ಇಂಗು, ಬ್ಯಾಡಗಿ ಮೆಣಸಿನಕಾಯಿ ತಂದರೆ ಸಾಕು. ಮಿಕ್ಕಿದ್ದೆಲ್ಲ ಆಲ್ಡಿ, ಲಿಡ್ಲ್‌ನಂಥ ಅಗ್ಗದ ಅಂಗಡಿಯಲ್ಲೂ ಟರ್ಕಿಯವರ ಅಂಗಡಿಯಲ್ಲೂ ಸಿಗುತ್ತದೆ. ಮಿಲ್ಷ್‌ರೈಸ್ ಅಂತ ಗುಂಡು ಅಕ್ಕಿ ಬರುತ್ತದೆ, ಇಲ್ಲಿಯವರು ಪಾಯಸ ಮಾಡಲು ಬಳಸುತ್ತಾರೆ. ಅದರಲ್ಲಿ ದೋಸೆ ತುಂಬಾ ಚೆನ್ನಾಗಿ ಬರುತ್ತದೆ. ಚಳಿಗಾಲದಲ್ಲಿ ಹಿಟ್ಟು ಹುಳಿಯಬೇಕಾದರೆ ಪಾತ್ರೆಯನ್ನು ಓವನ್ನಿನೊಳಗಿಟ್ಟು, ಬಿಸಿ ಮಾಡದೆ ಓವನ್ನಿನ ಬಲ್ಬು ಮಾತ್ರ ಹಾಕಿಡು. ವೈಚ್‌ವೈಟ್ಸನ್‌ಗ್ರೀಸ್ ಅಂದರೆ ನಮ್ಮ ರವೆಯೇ. ಘಮ ಬರುವ ತನಕ ಹುರಿದುಕೊಂಡರೆ ಉಪ್ಪಿಟ್ಟು ಅಂಟುವುದಿಲ್ಲ. ಕೇಕಿನ ಸಾಮಾನಿನ ಸಾಲಿನಲ್ಲಿ ಒಣ ಕೊಬ್ಬರಿ ತುರಿ ಸಿಗುತ್ತದೆ, ಸಕ್ಕರೆ ಹಾಕಿಲ್ಲದ್ದು. ಬಿಸಿನೀರಲ್ಲಿ ಹದಿನೈದು ನಿಮಿಷ ನೆನೆಸಿದರೆ ಚಟ್ನಿಗೆ ಸರಿಹೋಗುತ್ತದೆ. ತೊಗರಿಬೇಳೆಯ ಬದಲು ಕೆಂಪು ಮಸೂರ ಬೇಳೆ ಬಳಸು, ಹತ್ತು ಹದಿನೈದು ನಿಮಿಷದಲ್ಲಿ ಬೇಯುತ್ತದೆ. ಎಲೆಕೋಸು, ಕ್ಯಾರೆಟ್, ಬೀಟ್‌ರೂಟ್ ಚಳಿಗಾಲವಿಡೀ ಅಗ್ಗ. ಮೂರಕ್ಕೂ ನಮ್ಮಲ್ಲಿ ಪಲ್ಯ ಇದೆ. ಕೊತ್ತಂಬರಿ, ಬದನೆ, ಬೆಂಡೆ ಬೇಕಾದರೆ ಟರ್ಕಿಯವರ ಅಂಗಡಿಯಿಂದ ತಾ. ರಾಗಿ ಇಲ್ಲಿ ದುಬಾರಿ. ಆದರೂ ತಿಂಗಳಿಗೆ ಒಂದು ಪ್ಯಾಕೆಟ್ ಬೇಕೇ ಬೇಕು ಅನ್ನಿಸಿದರೆ ತಾ. ಕಷ್ಟದ ಸಮಯದಲ್ಲಿ ವಾರಕ್ಕೊಂದು ದಿನದ ಮುದ್ದೆ ನಮ್ಮನ್ನು ಎಷ್ಟು ಸಮಾಧಾನವಾಗಿ ಇಟ್ಟಿತ್ತು ಅಂತ ನನಗೆ ಗೊತ್ತು.

ಭಾನುವಾರ ಅಂಗಡಿ ಮುಚ್ಚಿರುವುದರಿಂದ ಶನಿವಾರ ಸಂಜೆ ತರಕಾರಿ, ಬ್ರೆಡ್ಡು, ಹಾಲಿನ ಪದಾರ್ಥಗಳಿಗೆ ಬೆಲೆ ಇಳಿಸಿದ ಚೀಟಿ ಅಂಟಿಸಿರುತ್ತಾರೆ. ನಲ್ಲಿ ನೀರು ಕುಡಿ, ಬಾಟಲಿ ನೀರು ಕೊಳ್ಳಬೇಡ. ಮಗಳ ಬಟ್ಟೆ, ಸ್ನೋ ಬೂಟು, ಸೈಕಲ್ ಎಲ್ಲ ಸೆಕೆಂಡ್ ಹ್ಯಾಂಡ್ ತಗೋ. ಕಿಂಡರ್‌ಗಾರ್ಟನ್‌ಗಳಲ್ಲಿ ವರ್ಷಕ್ಕೆರಡು ಸಲ ಮಕ್ಕಳ ಸಾಮಾನಿನ ಸಂತೆ ನಡೆಯುತ್ತದೆ. ಇಲ್ಲಿಯ ಸ್ಥಿತಿವಂತರೂ ಅಲ್ಲೇ ತಗೋತಾರೆ, ಅದರಲ್ಲಿ ಸಂಕೋಚವೇನೂ ಬೇಡ. ಮಾಯ್ಲೆಂಡರ್ ಪ್ಲಾಟ್ಸ್‌ನಲ್ಲಿರುವ ಬಿಳಿ ಗ್ರಂಥಾಲಯ ನೋಡಿದ್ದೀಯಾ? ಅಲ್ಲಿ ಮಗಳನ್ನು ಕರೆದುಕೊಂಡು ಹೋಗಿ ಒಂದು ಇಡೀ ಮಧ್ಯಾಹ್ನ ಬೆಚ್ಚಗೆ ಕಳೆಯಬಹುದು, ಒಳಗೆ ಹೋಗಲು ದುಡ್ಡಿಲ್ಲ.

ಕಿಂಡರ್‌ಗೆಲ್ಡ್, ಅಂದರೆ ಮಗುವಿಗೆ ಅಂತ ಸರ್ಕಾರ ಕೊಡುವ ದುಡ್ಡು, ಬರುತ್ತಿದೆಯಾ? ನಿನ್ನ ಪತ್ರದಲ್ಲಿ ಅದರ ಮಾತೇ ಇಲ್ಲ, ಅದಕ್ಕೇ ಗಾಬರಿಯಾಯಿತು. 2025ರಲ್ಲಿ ಅದು ಮಗುವಿಗೆ ತಿಂಗಳಿಗೆ 255 ಯೂರೋ ಇತ್ತು. ನಿಮ್ಮ ಹಾಗೆ ಬ್ಲೂ ಕಾರ್ಡ್, ಅಂದರೆ ಓದಿದ ಕೆಲಸಗಾರರಿಗೆ ಕೊಡುವ ಪರವಾನಗಿ, ಮೇಲೆ ಬಂದವರಿಗೂ ಸಿಗುತ್ತದೆ. ಅರ್ಜಿ ಹಾಕಿದರೆ ಹಿಂದಿನ ಆರು ತಿಂಗಳದ್ದು ಮಾತ್ರ ಕೊಡುತ್ತಾರೆ. ನೀವು ಬಂದು ಎಂಟು ತಿಂಗಳು. ಇನ್ನೂ ಹಾಕಿಲ್ಲದಿದ್ದರೆ ನಾಳೆಯೇ ಹಾಕು.

ನೀನೂ ದುಡಿಯಬಹುದು. ಗಂಡನ ವೀಸಾ ಮೇಲೆ ಬಂದ ನಿನಗೆ ಕೆಲಸ ಮಾಡುವ ಹಕ್ಕಿದೆ. ನಾನು 2009ರಲ್ಲಿ ಬೇಕರಿಯಲ್ಲಿ ಮಿನಿಜಾಬ್, ಅಂದರೆ ತಿಂಗಳ ಸಂಪಾದನೆಗೆ ಮಿತಿ ಇರುವ ಸಣ್ಣ ಕೆಲಸ, ಹಿಡಿದೆ. ಆಗ ತಿಂಗಳ ಮಿತಿ 400 ಯೂರೋ, 2025ರಲ್ಲಿ 556 ಇತ್ತು. ಬೆಳಗ್ಗೆ ಐದೂವರೆಗೆ ಹೋಗಬೇಕಿತ್ತು. ಎಂಕಾಂ ಮಾಡಿದವಳು ಬ್ರೆಡ್ಡು ಮಾರುತ್ತಿದ್ದೀನಲ್ಲಾ ಅಂತ ಮೊದಲ ವಾರ ಅತ್ತಿದ್ದೇನೆ. ಆದರೆ ನನ್ನ ಜರ್ಮನ್ ಕಲಿಕೆ ಶುರುವಾಗಿದ್ದು ಆ ಗಲ್ಲೆಯ ಹಿಂದೆ. ದಿನಾ ಬರುವ ಅಜ್ಜಿಯರು ನನ್ನ ತಪ್ಪು ತಿದ್ದುತ್ತಿದ್ದರು. ಈಗಿನ ಕೆಲಸ ಸಿಕ್ಕಿದ್ದೂ ಆ ಭಾಷೆಯಿಂದಲೇ. ಒಂದು ಎಚ್ಚರ: ನಿನ್ನ ಯಜಮಾನರು ಈ ಸಮಯದಲ್ಲಿ ಹೊಸದಾಗಿ ಬೇರೆ ಕೆಲಸ ಹಿಡಿದರೆ ಅದರ ದುಡ್ಡನ್ನು ಅವರಿಗೆ ಬರುವ ಸಹಾಯದಲ್ಲಿ ಕಳೆಯುತ್ತಾರೆ. ನೀನು ದುಡಿದರೆ ಕಳೆಯುವುದಿಲ್ಲ.

ಈಗ ವಾಪಸ್ ಹೊರಡುವ ಪ್ರಶ್ನೆ. ಇವತ್ತು ತೀರ್ಮಾನ ಮಾಡಬೇಡಿ. ಕೆಲಸವೇ ಹೋದರೆ ಬರುವ ನಿರುದ್ಯೋಗ ಭತ್ಯೆಗೆ ಹಿಂದಿನ 30 ತಿಂಗಳಲ್ಲಿ 12 ತಿಂಗಳು ವಿಮೆ ಕಟ್ಟಿರಬೇಕು. ನಿಮಗೆ ಎಂಟಾಗಿದೆ. ಕುರ್ಟ್ಸ್‌ಆರ್ಬೈಟ್‌ನ ತಿಂಗಳುಗಳೂ ಆ ಲೆಕ್ಕಕ್ಕೆ ಸೇರುತ್ತವೆ. ಇನ್ನು ನಾಲ್ಕು ತಿಂಗಳು ದಾಟಿದರೆ ಕಾಲಡಿಯಲ್ಲಿ ಸ್ವಲ್ಪ ನೆಲ ಇರುತ್ತದೆ. ಅಕಸ್ಮಾತ್ ಕೆಲಸ ಮುಗಿಯುವ ಕಾಗದ ಕೈಗೆ ಬಂದರೆ ಮೂರು ದಿನದೊಳಗೆ ಉದ್ಯೋಗ ಕಚೇರಿಯಲ್ಲಿ ಹೆಸರು ಬರೆಸಿ. ಬೇರೆ ಯಾವುದೇ ಸರ್ಕಾರಿ ನೆರವಿಗೆ ಅರ್ಜಿ ಹಾಕುವ ಮೊದಲು ಚರ್ಚಿನ ಸೇವಾ ಸಂಸ್ಥೆಗಳಾದ ಕಾರಿಟಾಸ್ ಅಥವಾ ಡಿಯಾಕೋನಿ ನಡೆಸುವ ವಲಸಿಗರ ಸಲಹಾ ಕೇಂದ್ರಕ್ಕೆ ಹೋಗಿ ಕೇಳಿ. ದುಡ್ಡು ತಗೊಳ್ಳುವುದಿಲ್ಲ. ಕೆಲವು ನೆರವು ವೀಸಾ ಮೇಲೆ ಪರಿಣಾಮ ಮಾಡುತ್ತವೆ, ಗೊತ್ತಿಲ್ಲದೆ ಕೈ ಹಾಕಬಾರದು.

ಊರಲ್ಲಿ ಹೇಳು. ನಾವು ಹೇಳಲಿಲ್ಲ. ಏಳು ತಿಂಗಳೂ ಮೊದಲಿನಷ್ಟೇ ದುಡ್ಡು ಕಳಿಸಿದೆವು. ನಾದಿನಿಯ ಮದುವೆಗೆ ಬ್ಯಾಂಕಿನ ಓವರ್‌ಡ್ರಾಫ್ಟ್‌ನಿಂದ ತೆಗೆದು ಕಳಿಸಿದೆವು. ಅದರ ಬಡ್ಡಿ ತೀರಿಸಲು ಒಂದೂವರೆ ವರ್ಷ ಬೇಕಾಯಿತು. ಕೊನೆಗೆ ಒಂದು ದಿನ ತಡೆಯಲಾಗದೆ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮಳೆ ಕೈಕೊಟ್ಟ ವರ್ಷ ನಾವು ನಿನ್ನಿಂದ ಮುಚ್ಚಿಟ್ಟಿದ್ವಾ?" ಅಂದಳು.

ದಾವಣಗೆರೆಯ ಬ್ಯಾಂಕಿಗೆ ನಿಮ್ಮ ಮಾವನವರನ್ನೇ ಕಳಿಸು. ಕಂತು ತಪ್ಪುವ ಮೊದಲೇ ಹೋಗಿ, ಅವಧಿ ಹೆಚ್ಚಿಸಿ ಕಂತು ಇಳಿಸಲು ಆಗುತ್ತದಾ ಅಂತ ಕೇಳಲಿ. ತಪ್ಪಿದ ಮೇಲೆ ಹೋದರೆ ಮಾತು ಬೇರೆ. ಅವರಿಗೆ ವಿಷಯ ಗೊತ್ತಿದ್ದರೆ ತಾನೇ ಅವರು ಹೋಗಲು ಸಾಧ್ಯ?

ಮೊದಲ ತಿಂಗಳ ಸಂಬಳದ ಚೀಟಿ ಬಂದ ಮೇಲೆ ಇಬ್ಬರೂ ಮಗಳನ್ನು ಕರೆದುಕೊಂಡು ಮನೆಗೆ ಬನ್ನಿ. ಚೀಟಿ, ಬಾಡಿಗೆ ಕರಾರು, ಕರೆಂಟಿನ ಕಾಗದ ಎಲ್ಲ ತನ್ನಿ. ಊಟ ಮಾಡಿ, ಮೇಜಿನ ಮೇಲೆ ಹರಡಿಕೊಂಡು ಒಂದೊಂದಾಗಿ ನೋಡೋಣ.